ಅಕ್ಕ ಇಳಿಸದ ತೊಟ್ಟಿಲು

ಅಕ್ಕನದು ಮೊಂಡು ಮೂಗು. ಎಡಗಡೆ ಬಿಳಿಕಲ್ಲಿನ ಒಂದು ಮೂಗುಬೊಟ್ಟು, ಅದರ ಪಕ್ಕದಲ್ಲೇ ಚಿಕ್ಕಂದಿನಲ್ಲಿ ಸಿಡುಬು ಎದ್ದು ಉಳಿದ ಒಂದು ಗುಳಿ. ನೋಡುವುದಕ್ಕೆ ಅಷ್ಟೇನೂ ಚೆಂದವಿಲ್ಲದ ಆ ಮೂಗು ಮಾಡುತ್ತಿದ್ದ ಕೆಲಸ ಮಾತ್ರ ಸಾಮಾನ್ಯದ್ದಲ್ಲ. ಯಾರೇ ನಮ್ಮ ಗೇಟು ದಾಟಿ ಒಳಗೆ ಬರಲಿ, ಅಕ್ಕ ಮೊದಲು ಮುಖ ನೋಡುತ್ತಿರಲಿಲ್ಲ. ಮೂಗು ಸ್ವಲ್ಪ ಮೇಲೆತ್ತಿ, ಎರಡೂ ಹೊಳ್ಳೆ ಅರಳಿಸಿ ಗಾಳಿ ಎಳೆದುಕೊಳ್ಳುತ್ತಿದ್ದಳು. ಆಮೇಲೆ, "ಬೀಡಿ ಸೇದಿದೀಯಲ್ಲಪ್ಪ, ಅಲ್ಲೇ ಜಗಲಿ ಮೇಲೆ ಕೂತ್ಕೊ" ಅಂತಲೋ, "ಪೌಡರ್ ಬಳ್ಕೊಂಡಿದೀಯಮ್ಮ, ಆ ಕಡೆ ಮಾತ್ರ ಹೋಗ್ಬೇಡ" ಅಂತಲೋ ಅಪ್ಪಣೆಯಾಗುತ್ತಿತ್ತು. ಹೇಗಿದ್ದೀರಿ, ಕಾಫಿ ಕುಡೀತೀರಾ ಎಂಬ ಉಪಚಾರವೆಲ್ಲ ಅದಾದ ಮೇಲೆ.

ಆ ಕಡೆ ಅಂದರೆ ಹುಳದ ಮನೆ. ನಮ್ಮದು ಸಾದಲಿ ಹತ್ತಿರದ ಹಳ್ಳಿ, ರೇಷ್ಮೆ ಹುಳ ಸಾಕುವ ಮನೆ. ರೇಷ್ಮೆ ಹುಳದಷ್ಟು ನಾಜೂಕಿನ ಪ್ರಾಣಿ ಇನ್ನೊಂದಿಲ್ಲ. ಹೊಗೆಸೊಪ್ಪಿನ ಕೈ ತಾಗಿದರೆ ಸಾಯುತ್ತದೆ, ಪಕ್ಕದ ಹೊಲದಲ್ಲಿ ಔಷಧಿ ಹೊಡೆದ ಗಾಳಿ ಬೀಸಿದರೆ ಸಾಯುತ್ತದೆ, ಸೊಳ್ಳೆಬತ್ತಿ ಹಚ್ಚಿದರೆ ಸಾಯುತ್ತದೆ. ಹಾಗಾಗಿ ಹುಳ ಇರುವಷ್ಟು ದಿನ ಅಕ್ಕ ಮಲ್ಲಿಗೆ ಮುಡಿಯುತ್ತಿರಲಿಲ್ಲ, ಘಮಗುಡುವ ಸೋಪು ಹಚ್ಚುತ್ತಿರಲಿಲ್ಲ, ಹುಳದ ಮನೆಯ ಕಡೆಗೆ ಗಾಳಿ ಇದ್ದರೆ ಒಗ್ಗರಣೆಯನ್ನೂ ಹಾಕುತ್ತಿರಲಿಲ್ಲ. "ಹುಳಕ್ಕೆ ಆಗದ್ದು ಮನುಷ್ಯರಿಗೂ ಆಗಲ್ಲ ಕಣೇ, ನಮಗೆ ಗೊತ್ತಾಗೋದು ಲೇಟು ಅಷ್ಟೆ" ಎನ್ನುವುದು ಅವಳ ಮಾತು. ಈ ಮಾತನ್ನು ಅವಳು ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ ಹೇಳದೆ ಬಿಟ್ಟ ದಿನ ನನಗೆ ನೆನಪಿಲ್ಲ.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ನನ್ನ ಓರಗಿತ್ತಿ, ನಮ್ಮವರ ಅಣ್ಣನ ಹೆಂಡತಿ. ನಾನು ಮದುವೆಯಾಗಿ ಬಂದಾಗ ಅವಳ ಇಬ್ಬರು ಗಂಡುಮಕ್ಕಳು ಆಗಲೇ ಹೈಸ್ಕೂಲು ಮುಗಿಸಿದ್ದರು. ತವರಿನಿಂದ ಹೊರಡುವಾಗ ನಮ್ಮಮ್ಮ, ಅತ್ತೆಯನ್ನಾದರೂ ನಂಬು, ಓರಗಿತ್ತಿಯನ್ನು ನಂಬಬೇಡ ಅಂತ ಬುದ್ಧಿ ಹೇಳಿ ಕಳಿಸಿದ್ದರು. ಬಂದ ದಿನವೇ ಅಕ್ಕ ನನ್ನ ತಲೆಯ ಮಲ್ಲಿಗೆ ದಂಡೆ ಬಿಚ್ಚಿಸಿ ಬೇಲಿಯಾಚೆ ಎಸೆದಳು. ನನಗೋ ಮೂಗಿನ ತುದಿಯಲ್ಲೇ ಕೋಪ. "ಹೂವು ಕಂಡರೆ ನಿಮಗೆ ಆಗಲ್ವಾ?" ಅಂದೆ. ಅವಳು ನಗುತ್ತಾ, "ನೀವು ಗೀವು ಅನ್ಬೇಡ, ಅಕ್ಕ ಅನ್ನು. ಹುಳ ಹಣ್ಣಾಗಿವೆ, ಇನ್ನೇನು ಗೂಡು ಕಟ್ತವೆ. ಗೂಡು ಮಾರಿದ ದಿನ ನಿಂಗೆ ಮೊಳ ಅಲ್ಲ, ಮಾರುದ್ದ ಹೂವು ತಂದ್ಕೊಡ್ತೀನಿ" ಅಂದಳು. ತಂದೂ ಕೊಟ್ಟಳು. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಿಂದ ಬರುವಾಗ ಬಸ್ಸಿನಲ್ಲಿ ಆ ಹೂವನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಅಮ್ಮನ ಬುದ್ಧಿಮಾತು ಅವತ್ತಿಗೇ ಮುಗಿಯಿತು.

ಅಕ್ಕನ ತವರು ಚಿಂತಾಮಣಿಯಿಂದ ಆಚೆ, ಆಂಧ್ರದ ಗಡಿ ಕಡೆ. ಮನೆಯಲ್ಲಿ ನಮ್ಮ ಹತ್ತಿರ ಕನ್ನಡ, ಎಲೆ ಕತ್ತರಿಸುವ ಹೆಂಗಸರ ಹತ್ತಿರ ಕನ್ನಡ ತೆಲುಗು ಎರಡೂ ಕಲಸಿ. ಎಳೆ ಮಕ್ಕಳು, ಕರು, ಹುಳ, ಇವುಗಳ ಹತ್ತಿರ ಮಾತ್ರ ಬರೀ ತೆಲುಗು. ತಟ್ಟೆಗೆ ಎಲೆ ಹಾಕುವಾಗ "ತಿನಂಡ್ರಾ, ತಿನಂಡಿ" ಅಂತ ಹುಳಗಳಿಗೆ ಉಣ್ಣಿ ಉಣ್ಣಿ ಎಂದು ಹೇಳುತ್ತಿದ್ದಳು. ಭಾವ ರೇಗಿಸುತ್ತಿದ್ದರು: "ನಂಗೆ ಒಂದು ದಿನಾನೂ ಹಿಂಗೆ ಕರೆದು ಇಕ್ಕಿಲ್ಲ ನೋಡಮ್ಮ." ಅಕ್ಕ ತಿರುಗಿಯೂ ನೋಡದೆ, "ನೀವು ಗೂಡು ಕಟ್ರಿ, ಇಕ್ತೀನಿ" ಅನ್ನುತ್ತಿದ್ದಳು.

ನಾನು ಹೇಳಹೊರಟಿದ್ದು ತೊಟ್ಟಿಲಿನ ವಿಷಯ.

ನನಗೆ ಮೊದಲನೆಯ ಸಲ ಬಸಿರು ನಿಂತಾಗ ತವರಿನವರಿಗೆ ಕಾಲು ನೆಲದ ಮೇಲಿರಲಿಲ್ಲ. ಹೊಸ ಮಂಚ, ಸೊಳ್ಳೆಪರದೆ, ಗೊಂಬೆ, ಉಣ್ಣೆಯ ಟೋಪಿ, ಎಲ್ಲ ತಂದು ಪೇರಿಸಿದರು. "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸಿದ್ರಂತೆ" ಅಂತ ನಮ್ಮತ್ತೆ ಗೊಣಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಆರನೇ ತಿಂಗಳಲ್ಲಿ ಮಗು ಹೋಯಿತು. ಆ ಸಾಮಾನನ್ನೆಲ್ಲ ಯಾವಾಗ ಯಾರು ತೆಗೆದುಕೊಂಡು ಹೋದರೋ ನಾನು ಕೇಳಲೂ ಇಲ್ಲ. ಎರಡನೇ ಸಲ ನಿಂತಾಗ ಮನೆಯಲ್ಲಿ ಒಂದು ಬಟ್ಟೆ ಚೂರನ್ನೂ ಯಾರೂ ಎತ್ತಿಡಲಿಲ್ಲ. ಮಗುವಿನ ಮಾತೆತ್ತುವುದಕ್ಕೂ ಎಲ್ಲರಿಗೂ ಭಯ. ನಾನು ಶಿಡ್ಲಘಟ್ಟದ ಶಾಲೆಗೆ ಪಾಠ ಮಾಡಲು ಹೋಗಿಬಂದು, ಉಂಡು, ಮಲಗಿ, ಏನೂ ಆಗಿಲ್ಲ ಎಂಬಂತೆ ಇರುತ್ತಿದ್ದೆ.

ಎಂಟನೇ ತಿಂಗಳಿಗೇ ಹೆಣ್ಣುಮಗು ಹುಟ್ಟಿತು, ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ. ಬೆಕ್ಕಿನ ಮರಿಯಷ್ಟು ಇತ್ತು. ನನಗೆ ಒಂದು ಸಲ ತೋರಿಸಿ, ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ನಾನು ಅದೇ ಆಸ್ಪತ್ರೆಯ ವಾರ್ಡಿನಲ್ಲಿ ಉಳಿದೆ. ಎದೆಹಾಲು ಹಿಂಡಿ ಕೊಡುವುದು, ಗಾಜಿನಾಚೆ ನಿಂತು ನೋಡುವುದು, ವಾಪಸು ಬಂದು ಗೋಡೆ ನೋಡುವುದು, ಇಷ್ಟೇ ನನ್ನ ಕೆಲಸ.

ಅಕ್ಕ ಬುತ್ತಿ ಹಿಡಿದು ಬಸ್ಸು ಬದಲಿಸಿಕೊಂಡು ಬರುತ್ತಿದ್ದಳು. ಬಾಣಂತಿ ಸಾರು, ಬಿಸಿ ಆರದ ಹಾಗೆ ಟವೆಲಿನಲ್ಲಿ ಸುತ್ತಿದ ಅನ್ನ. ಮೊದಲನೆಯ ದಿನ ಬಂದವಳು ಡಾಕ್ಟರಮ್ಮನನ್ನು ಕಾರಿಡಾರಿನಲ್ಲೇ ಅಡ್ಡ ಹಾಕಿ ಕೇಳಿದಳು: "ಮನೆಗೆ ಕರ್ಕೊಂಡು ಹೋದ್ಮೇಲೆ ಹೆಂಗ್ ನೋಡ್ಕೋಬೇಕು ಹೇಳಿ ಮೇಡಂ." ಡಾಕ್ಟರಮ್ಮ ಒಳ್ಳೆಯವರು, ನಿಂತು ಹೇಳಿದರು. "ಶ್ವಾಸಕೋಶ ಇನ್ನೂ ಬಲಿತಿಲ್ಲಮ್ಮ. ಹೊಗೆ, ಧೂಳು, ಪೇಂಟು, ಊದಿನಕಡ್ಡಿ, ಸೊಳ್ಳೆಬತ್ತಿ, ಯಾವ ವಾಸನೆನೂ ಹತ್ರ ಬರಬಾರದು. ಹೊರಗಿಂದ ಬಂದವರು ಕೈಕಾಲು ತೊಳೀದೆ ಮುಟ್ಟಬಾರದು. ಆದ್ರೆ ಮೊದಲು ಮಗು ತೂಕ ಹಾಕಬೇಕು, ತಾನಾಗೇ ಉಸಿರಾಡಬೇಕು. ಈಗಲೇ ಏನೂ ಹೇಳೋಕಾಗಲ್ಲ."

ಆ ಕೊನೆಯ ಮಾತು ಅಕ್ಕನಿಗೆ ಕೇಳಿಸಲೇ ಇಲ್ಲವೇನೋ ಎಂಬಂತೆ ಮುಖವರಳಿಸಿ ನನ್ನ ಹತ್ತಿರ ಬಂದಳು. "ಡಾಕ್ಟ್ರು ಹೇಳಿದ್ದು ಥೇಟ್ ನಮ್ಮ ಹುಳದ ಮನೆ ಕಾನೂನೇ ಅಲ್ವೇನೇ? ಇದೇನು ಮಹಾ. ಇಷ್ಟು ವರ್ಷದಿಂದ ನಾನು ಮಾಡ್ತಿರೋದು ಇನ್ನೇನು? ನಾಳೆಯಿಂದಲೇ ತೊಟ್ಟಿಲು ಶುರು ಮಾಡ್ತೀನಿ."

"ಅಕ್ಕ, ಬೇಡ" ಅಂದೆ. ಮಗು ಬರುವ ಮೊದಲೇ ಸಿದ್ಧತೆ ಮಾಡಿ ಒಂದು ಸಲ ಅನುಭವಿಸಿದ್ದು ಸಾಲದೇ ಎಂಬುದು ನನ್ನ ಮನಸ್ಸಿನಲ್ಲಿ.

"ಯಾಕ್ ಬೇಡ? ಹುಟ್ಟೋಕ್ ಮುಂಚೆ ಮಾಡಬಾರದು ಅಂತಾರೆ. ನಿನ್ನ ಮಗಳು ಹುಟ್ಟಿ ಆಯ್ತಲ್ಲ. ಇನ್ನೇನು ಊರಿಗೆ ಬರ್ತಾಳೆ, ಮಲಗೋಕೆ ಜಾಗ ಬೇಡ್ವಾ?" ಅಂದು, ಖಾಲಿ ಬುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟಳು.

ಆ ತೊಟ್ಟಿಲು ನಮ್ಮ ಮಾವನ ಅಪ್ಪನ ಕಾಲದ್ದು. ಹಲಸಿನ ಮರದ್ದು, ಹಿತ್ತಾಳೆ ಬಳೆಗಳಿದ್ದವು. ನಮ್ಮ ಮನೆಯ ಗಂಡಸರೆಲ್ಲ ಅದರಲ್ಲೇ ಅತ್ತು ಬೆಳೆದವರು. ಪ್ರತಿ ಹೆರಿಗೆಗೂ ಯಾರೋ ಒಬ್ಬರು ಅದಕ್ಕೆ ಹೊಸ ಬಣ್ಣ ಬಳಿಯುತ್ತಿದ್ದರು. ಬಣ್ಣವೆಂದರೆ ಅದಕ್ಕೆಂದೇ ತಂದ ಬಣ್ಣವಲ್ಲ, ಗೇಟಿಗೆ ಬಳಿದು ಮಿಕ್ಕಿದ ನೀಲಿ, ಎತ್ತಿನ ಗಾಡಿಗೆ ಬಳಿದು ಮಿಕ್ಕಿದ ಹಸಿರು, ಒಂದು ಸಲವಂತೂ ಬಾವಿಕಟ್ಟೆಯ ಕೆಮ್ಮಣ್ಣಿನ ಕೆಂಪು. ಅಕ್ಕನ ಕಿರಿಯ ಮಗ ನಡೆಯಲು ಕಲಿತ ಮೇಲೆ ಅದು ಹಳೇ ಗೋಣಿಚೀಲ ತುಂಬಿಕೊಂಡು ದನದ ಕೊಟ್ಟಿಗೆಯ ಅಟ್ಟದಲ್ಲಿ ಕೂತಿತ್ತು. ಅದರ ಜೊತೆಗೆ ಮಾವ ಪಂಚೆ ಇಡುತ್ತಿದ್ದ ಒಂದು ಗಿಡ್ಡನೆಯ ಮರದ ಬೀರು. ಇವೆರಡನ್ನೂ ಭಾವನ ಕೈಲಿ ಇಳಿಸಿ, ಹುಳದ ಮನೆಗೆ ಗಾಳಿ ಬೀಸದ ಕಡೆ, ಹೊಲದಂಚಿನ ಹೊಂಗೆ ಮರದಡಿ ಹಾಕಿಸಿದಳು. ಆಮೇಲೆ ಅಲ್ಲಿ ನಡೆದದ್ದೆಲ್ಲ ನಮ್ಮವರು ಆಸ್ಪತ್ರೆಗೆ ಬಂದಾಗ ವರದಿ ಒಪ್ಪಿಸಿದ್ದು, ಸ್ವಲ್ಪ ಅಕ್ಕನೇ ಬಾಯಿಬಿಟ್ಟು ಹೇಳಿದ್ದು.

ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಒಡೆದ ಕನ್ನಡಿಯ ಚೂರಿನಿಂದ ಬಣ್ಣ ಹೆರೆಯಲು ಕೂತಳಂತೆ. ನೀಲಿ ಹೋದರೆ ಹಸಿರು, ಹಸಿರು ಹೋದರೆ ಕೆಂಪು. ಹುಳಕ್ಕೆ ಎಲೆ ಹಾಕುವುದು, ತಟ್ಟೆ ಬದಲಿಸುವುದು, ದನ, ಅಡುಗೆ, ನನ್ನ ಬುತ್ತಿ, ಇವುಗಳ ನಡುವೆ ಸಿಕ್ಕ ಹೊತ್ತೆಲ್ಲ ಹೊಂಗೆ ಮರದಡಿ. ಪ್ರತಿ ಸಲವೂ ಎದ್ದು ತಲೆಗೆ ನೀರು ಹುಯ್ದುಕೊಂಡು, ಸೀರೆ ಬದಲಿಸಿಯೇ ಹುಳದ ಮನೆಗೆ ಹೋಗುವುದು. ಹೆರೆದ ಬಣ್ಣದ ಪುಡಿಯನ್ನು ಒಂದು ಚೂರೂ ಬಿಡದೆ ಗುಂಡಿ ತೋಡಿ ಹೂತಳಂತೆ, ಕೋಳಿ ಕೂಡ ಕೆದಕಬಾರದು ಅಂತ.

"ದುಡ್ಡು ಕೊಟ್ರೆ ಹೊಸದು ಬರಲ್ವಾ ಅತ್ತಿಗೆ?" ಅಂತ ನಮ್ಮವರು ಕೇಳಿದ್ದಕ್ಕೆ, "ಹೊಸದಕ್ಕೆ ಅಂಗಡಿಯೋನು ಏನು ಬಳಿದಿದಾನೋ ನಿಂಗೊತ್ತಾ ನಂಗೊತ್ತಾ? ಇದಕ್ಕೆ ಬಳಿದಿದ್ದೆಲ್ಲ ನಂಗೊತ್ತು, ತೆಗೆಯೋದೂ ಗೊತ್ತು" ಅಂದಳಂತೆ. ಕನ್ನಡಿ ಚೂರಿನ ಕೆಲಸ ಮುಗಿಸಿ ಉಪ್ಪುಕಾಗದ ಹಿಡಿದಾಗ, ಅಂಚಿನ ಪಟ್ಟಿಯ ಮೇಲೆ ಸಾಲಾಗಿ ಸಣ್ಣ ಸಣ್ಣ ಹಲ್ಲಿನ ಗುರುತು ಸಿಕ್ಕವು. ಭಾವನನ್ನು ಕರೆದು ತೋರಿಸಿ, "ನೋಡ್ರಿ, ನಿಮ್ಮದು ಆವಾಗಿಂದಾನೇ ಸಿಕ್ಕಿದ್ದಕ್ಕೆ ಬಾಯಿ ಹಾಕೋ ಬುದ್ಧಿ" ಅಂದಳಂತೆ. ಆ ಗುರುತುಗಳನ್ನು ಉಜ್ಜಿ ಅಳಿಸಲಿಲ್ಲ. ಸಿಬಿರು ಏಳದ ಹಾಗೆ ಅಂಚನ್ನಷ್ಟೇ ನಯಮಾಡಿ ಬಿಟ್ಟಳು.

ಹೀಗಿರುವಾಗ ನಮ್ಮವರು ಒಂದು ಘನಂದಾರಿ ಕೆಲಸ ಮಾಡಿದರು. ಗೌರಿಬಿದನೂರಿನ ಕಾರ್ಖಾನೆಯಲ್ಲಿ ಕೆಲಸ ಅವರಿಗೆ. ವಾರದ ರಜೆಗೆ ಬಂದವರು, ಅಕ್ಕ ನನಗೆ ಬುತ್ತಿ ತೆಗೆದುಕೊಂಡು ಆಸ್ಪತ್ರೆಗೆ ಹೋಗಿದ್ದ ಹೊತ್ತಿನಲ್ಲಿ, ಅತ್ತಿಗೆ ಒಬ್ಬಳೇ ಒದ್ದಾಡುತ್ತಿದ್ದಾಳೆ, ನಾನೂ ಒಂದು ಕೈ ಹಾಕೋಣ ಅಂತ ಅಂಗಡಿಯಿಂದ ವಾರ್ನಿಶ್ ಡಬ್ಬಿ ತಂದು, ಹೆರೆದು ನಯಮಾಡಿಟ್ಟ ತೊಟ್ಟಿಲಿಗೆ ಸೊಗಸಾಗಿ ಬಳಿದರು. ಹುಳದ ಮನೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ. ಮಗಳು ಹುಟ್ಟಿದ ಸಂಭ್ರಮದಲ್ಲಿ ಅದೂ ಮರೆತುಹೋಗಿತ್ತು.

ಅಕ್ಕ ಸಂಜೆ ಬಸ್ಸಿಳಿದು ಬರುತ್ತಿದ್ದಾಗ ಹಿಪ್ಪುನೇರಳೆ ತೋಟದ ಹತ್ತಿರವೇ ನಿಂತುಬಿಟ್ಟಳಂತೆ. "ಯಾರೋ ಅದು, ನಮ್ಮನೇಲಿ ಎಣ್ಣೆ ಬಳಿದೋರು?" ಎಂದು ಕೂಗುತ್ತಲೇ ಬಂದಳು. ನಮ್ಮವರು ಬ್ರಶ್ಶು ಹಿಡಿದು ನಿಂತಿದ್ದರು.

"ಡಬ್ಬಿ ಮೇಲೆ ಮಕ್ಕಳಿಗೆ ಏನೂ ಆಗಲ್ಲ ಅಂತ ಬರ್ದಿದೆ ಅತ್ತಿಗೆ. ಒಣಗಿದ್ಮೇಲೆ ವಾಸನೆನೂ ಇರಲ್ವಂತೆ."

"ಹಂಗಾ? ಹಾಗಾದ್ರೆ ಒಣಗಲಿ ಬಿಡಪ್ಪ" ಅಂದಳಂತೆ, ಬೈಯದೆ. ಅಕ್ಕ ಬೈಯದಿದ್ದರೆ ಹೆದರಬೇಕು ಎನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ವಾರ್ನಿಶ್ ಒಣಗಿ ಕೈಗೆ ಅಂಟದಂತಾದ ಮೇಲೆ, ಹುಳದ ಮನೆಯಿಂದ ಒಂದು ಹಿಡಿ ಹುಳ ತಂದು, ತಾಜಾ ಎಲೆ ಹಾಸಿ, ತೊಟ್ಟಿಲಿನಲ್ಲಿ ಬಿಟ್ಟು ಮೇಲೆ ಒಂದು ತೆಳ್ಳನೆ ಬಟ್ಟೆ ಹೊದಿಸಿದಳು. ಹುಳ ಸಾಕುವವರು ಹೊರಗಿನಿಂದ ಎಲೆ ಕೊಂಡರೆ ಹೀಗೇ ಮಾಡುವುದು. ಔಷಧಿ ಹೊಡೆದ ಎಲೆಯೋ ಏನೋ ಎಂಬ ಅನುಮಾನಕ್ಕೆ ಮೊದಲು ನಾಲ್ಕು ಹುಳಕ್ಕೆ ಹಾಕಿ ನೋಡಿ, ಅವು ಚೆನ್ನಾಗಿದ್ದರೆ ಮಿಕ್ಕವಕ್ಕೆ ಹಾಕುತ್ತಾರೆ. ಎಲೆಗೆ ಮಾಡುವ ಪರೀಕ್ಷೆಯನ್ನು ತೊಟ್ಟಿಲಿಗೆ ಮಾಡಿದವಳು ಅಕ್ಕ ಒಬ್ಬಳೇ ಇರಬೇಕು.

ಬೆಳಿಗ್ಗೆ ನೋಡಿದರೆ ಎಲೆ ಹಾಕಿದ್ದು ಹಾಕಿದ ಹಾಗೇ ಇದೆ. ಕೆಲವು ಹುಳ ಸತ್ತಿದ್ದವು, ಮಿಕ್ಕವು ಹಸಿರು ಕಕ್ಕಿಕೊಂಡು ತಲೆಯಾಡಿಸುತ್ತಿದ್ದವು. ಅಕ್ಕ ಮೈದುನನನ್ನು ಕರೆದು ತೋರಿಸಿದಳು. "ಇವಕ್ಕೆ ಓದೋಕೆ ಬರಲ್ಲ ನೋಡಪ್ಪ, ಡಬ್ಬಿ ಮೇಲೆ ಬರೆದಿದ್ದು ಗೊತ್ತಾಗಲಿಲ್ಲ." ಅಷ್ಟೇ ಅಂದಿದ್ದು. ನಮ್ಮವರು ನನ್ನ ಮುಂದೆ ಇದನ್ನು ಹೇಳುವಾಗಲೂ ತಲೆ ತಗ್ಗಿಸಿಕೊಂಡೇ ಇದ್ದರು. ಬಿದ್ದ ಹುಳಗಳನ್ನು ಅಕ್ಕ ಮೊರದಲ್ಲಿ ಹಾಕಿಕೊಂಡು ಹೋಗಿ, "ನಿಮ್ಮ ಋಣ ನಮ್ಮ ಮಗೀನ ಮೇಲಿದೆ" ಅಂತ ಹೇಳಿ ಮಣ್ಣು ಮಾಡಿದಳಂತೆ.

ಆಮೇಲೆ ಮತ್ತೆ ಕನ್ನಡಿ ಚೂರು. ಮೊದಲಿನ ಬಣ್ಣಕ್ಕಿಂತ ಈ ವಾರ್ನಿಶ್ ಕಷ್ಟ, ಮರದೊಳಕ್ಕೆ ಇಳಿದಿತ್ತು. ಈ ಸಲ ನಮ್ಮವರೂ ರಜೆ ಹಾಕಿ ಜೊತೆಗೆ ಕೂತು ಹೆರೆದರು, ಮಾಡಿದ್ದುಣ್ಣೋ ಮಹರಾಯ ಅನ್ನುವ ಹಾಗೆ. ಅಕ್ಕನ ಬೆರಳ ತುದಿಗಳೆಲ್ಲ ಸೀಳಿದ್ದವು. ಅವಳು ಆಸ್ಪತ್ರೆಗೆ ಬಂದಾಗ ಬುತ್ತಿ ಬಿಚ್ಚುವ ಕೈ ನೋಡಿ, "ಸಾಕು ಮಾಡಕ್ಕ, ಚಾಪೆ ಮೇಲೆ ಮಲಗಿಸಿದ್ರಾಯ್ತು" ಅಂದೆ. "ನೀನು ಹಾಲು ಹಿಂಡೋ ಕೆಲಸ ನೋಡ್ಕೊ, ಮರದ ಕೆಲಸ ನಂದು" ಅಂದಳು. ಗಾಜಿನಾಚೆಯಿಂದ ಮಗುವನ್ನು ನೋಡಿ, "ಕಾಲು ಉದ್ದ ಇದೆ ಕಣೇ, ತೊಟ್ಟಿಲು ಬೇಗ ಸಾಲದೆ ಬರುತ್ತೆ" ಅಂತ ಬೇರೆ ಚಿಂತೆ ಮಾಡಿದಳು. ನನಗೆ ಆ ಹೊತ್ತಿನಲ್ಲಿ ನಗು ಬಂತು. ಹೆರಿಗೆಯಾದ ಮೇಲೆ ನಾನು ನಕ್ಕಿದ್ದು ಅವತ್ತೇ.

ಮರ ಮತ್ತೆ ಬರಿದಾದ ಮೇಲೆ ವಾರ್ನಿಶ್ಶಿನ ಸಹವಾಸವೇ ಬೇಡವೆಂದು, ಬೆಟ್ಟದ ಕಡೆಯಿಂದ ಜೇನು ತರುವವನ ಹತ್ತಿರ ಮೇಣ ಹೇಳಿ ತರಿಸಿ, ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ, ಹಳೆಯ ಪಂಚೆಯ ತುಂಡಿನಿಂದ ತೊಟ್ಟಿಲಿಗೂ ಬೀರುವಿಗೂ ತಿಕ್ಕಿದಳು. ತನ್ನ ಮೂಗಿಗೆ ಏನೂ ಸಿಗದಂತಾಗುವವರೆಗೆ ನೆರಳಲ್ಲಿ ಗಾಳಿಗಿಟ್ಟಳು. ಆಮೇಲೆ ಇನ್ನೊಂದು ಹಿಡಿ ಹುಳ. ಮಾರನೇ ಬೆಳಿಗ್ಗೆ ನನಗೆ ಫೋನು ಬಂತು. "ಎಲೆ ಎಲ್ಲ ಖಾಲಿ ಕಣೇ, ಬರೀ ನಾರು ಉಳಿಸವೆ. ಇನ್ನೂ ಬೇಕು ಅಂತ ತಲೆ ಎತ್ಕೊಂಡು ನೋಡ್ತಾ ಕೂತವೆ. ಕರ್ಕೊಂಡು ಬಾ ನನ್ನ ಮಗಳನ್ನ."

ಕರೆದುಕೊಂಡು ಬರುವುದು ನನ್ನ ಕೈಯಲ್ಲಿ ಎಲ್ಲಿತ್ತು? ಆದರೂ ಆ ದಿನ ಮಗು ಸ್ವಲ್ಪ ತೂಕ ಹಾಕಿತ್ತು. ಅಕ್ಕ ಅವತ್ತೇ ಒಳಕೋಣೆಗೆ ಸುಣ್ಣ ಹೊಡೆಸಿದ್ದು ಒಣಗಿದೆಯೋ ಇಲ್ಲವೋ ನೋಡಿ, ತೊಲೆಯ ಕೊಂಡಿಗೆ ತೊಟ್ಟಿಲು ಕಟ್ಟಿದಳು. ನಮ್ಮತ್ತೆ ಬಾಗಿಲಲ್ಲಿ ನಿಂತು, "ಮಗು ಮನೇಗೆ ಬಂದಿಲ್ಲ. ಖಾಲಿ ತೊಟ್ಟಿಲು ನೇತಾಡಬಾರದು ಕಣಮ್ಮ, ಒಳ್ಳೇದಲ್ಲ" ಅಂದರಂತೆ. ಅತ್ತೆಯ ಮಾತಿಗೆ ಎದುರಾಡಿದವಳಲ್ಲ ಅಕ್ಕ. ಅವತ್ತು ಮಾತ್ರ, "ನೇತಾಡಲ್ಲ ಬಿಡಿ ಅತ್ತೆ, ಗಟ್ಟಿಯಾಗಿ ಕಟ್ಟಿದೀನಿ" ಅಂದು ಎಲೆ ತರಲು ಹೊರಟುಹೋದಳು.

ಅದಾದ ಎರಡೇ ದಿನಕ್ಕೆ ಮಗು ಉಸಿರು ನಿಲ್ಲಿಸಿತು.

ಬೆಳಗಿನ ಹೊತ್ತು. ನಾನು ಗಾಜಿನ ಆಚೆಯೇ ನಿಂತಿದ್ದೆ. ಮೈ ನೀಲಿಯಾಯಿತು. ನರ್ಸುಗಳು ಓಡಿಬಂದರು, ಪರದೆ ಎಳೆದರು, ನನ್ನನ್ನು ಹೊರಗೆ ಕಳಿಸಿದರು. ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರಮ್ಮ ಬಂದು, ಉಸಿರು ಬಂದಿದೆ, ಮೆಷಿನ್ ಹಾಕಿದ್ದೇವೆ, ಒಂದೆರಡು ದಿನ ಕಾದು ನೋಡಬೇಕು ಅಂದರು. ಸುದ್ದಿ ಊರಿಗೆ ಹೋಯಿತು. ಊರಿಂದ ಅತ್ತೆಯ ಫೋನು ಬಂತು, ಅಳುತ್ತಾ: "ನಾನು ಬಡ್ಕೊಂಡೆ. ಆ ತೊಟ್ಟಿಲು ಇಳಿಸು ಅಂದ್ರೆ ನಿನ್ನ ಅಕ್ಕ ಇಳಿಸ್ತಿಲ್ಲ. ಬೀದಿಯವರೆಲ್ಲ ಬಂದು ಹೇಳಿದ್ರೂ ಕೇಳ್ತಿಲ್ಲ. ನೀನೇ ಒಂದು ಮಾತು ಹೇಳಮ್ಮ."

ನಾನು ಬಿ.ಎಡ್ ಮಾಡಿದವಳು, ಮಕ್ಕಳಿಗೆ ವಿಜ್ಞಾನ ಪಾಠ ಹೇಳುವವಳು. ಆ ಹೊತ್ತಿನಲ್ಲಿ ಯಾರಾದರೂ ಕಲ್ಲು ತಿಂದರೆ ಮಗು ಉಳಿಯುತ್ತದೆ ಅಂದಿದ್ದರೂ ತಿನ್ನುತ್ತಿದ್ದೆ. ಅಕ್ಕನಿಗೆ ಫೋನು ಮಾಡಿದೆ.

"ಅಕ್ಕ, ತೊಟ್ಟಿಲು ಬಿಚ್ಚಿಬಿಡು."

ಅವಳು ಬಾಯಿ ತೆರೆಯುವ ಮೊದಲೇ ದನಿ ಏರಿಸಿದೆ.

"ಬಿಚ್ಚು ಅಂತಿದೀನಲ್ಲ. ನಿನ್ನ ಹಟಕ್ಕೆ ನನ್ನ ಮಗು ಹೋಗ್ಬೇಕಾ? ನಿಂಗೇನು, ಎರಡು ಗಂಡುಮಕ್ಕಳನ್ನ ಹೆತ್ತು ಬೆಳೆಸ್ಕೊಂಡು ಕೂತಿದೀಯ." ಬಾಯಿಗೆ ಬಂದಿದ್ದೆಲ್ಲ ಅಂದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಕಿರುಚುತ್ತಿದ್ದ ನನ್ನನ್ನು ಹೋಗಿಬರುವವರೆಲ್ಲ ನೋಡುತ್ತಿದ್ದರು.

ನಾನು ಸುಸ್ತಾಗಿ ಸುಮ್ಮನಾಗುವವರೆಗೆ ಕಾದು ಅಕ್ಕ ಮಾತಾಡಿದಳು. ದನಿ ಒಂಚೂರೂ ಅಲುಗಲಿಲ್ಲ.

"ಮುಗೀತಾ? ಈಗ ನನ್ನ ಮಾತು ಕೇಳು. ನೀನು ಅಳು, ಬೈಯಿ, ಬೇಡ ಅನ್ನಲ್ಲ. ತೊಟ್ಟಿಲು ಮಾತ್ರ ಇಳಿಸಲ್ಲ. ಇಳಿಸಿದ್ರೆ ಅವಳು ಬರಲ್ಲ ಅಂತ ಈ ಮನೆಯೋರೆಲ್ಲ ಒಪ್ಕೊಂಡಂಗೆ. ನಾನು ಒಪ್ಪಲ್ಲ. ಹೋಗಿ ಮುಖ ತೊಳ್ಕೊ. ಹಾಲು ಹಿಂಡೋ ಹೊತ್ತಾಗಿದೆ. ಮೆಷಿನ್ ತೆಗೆದ ತಕ್ಷಣ ಅವಳಿಗೆ ಹಸಿವಾಗುತ್ತೆ."

ಫೋನು ಇಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. ಎಂಥ ಕಲ್ಲು ಹೃದಯದವಳು ಅಂದುಕೊಂಡೆ. ಆದರೆ ಬೈದುಕೊಳ್ಳುತ್ತಲೇ ಎದ್ದು ಹೋಗಿ ಮುಖ ತೊಳೆದುಕೊಂಡೆ. ಹಾಲು ಹಿಂಡಿದೆ. ಅವತ್ತೂ ಹಿಂಡಿದೆ, ಮಾರನೇ ದಿನವೂ ಹಿಂಡಿದೆ. ಅವಳು ಹಾಗೆ ಹೇಳಿರದಿದ್ದರೆ ನಾನು ಆ ಮೆಟ್ಟಿಲಿನಿಂದ ಏಳುತ್ತಿರಲಿಲ್ಲ, ಹಾಲೂ ಬತ್ತಿಹೋಗುತ್ತಿತ್ತು. ಮೂರನೆಯ ದಿನ ಮೆಷಿನ್ ತೆಗೆದರು. ಮಗಳಿಗೆ ಹಸಿವಾಯಿತು.

ಮನೆಗೆ ಬಂದ ದಿನ ಅಕ್ಕ ಗೇಟಿನ ಹತ್ತಿರವೇ ನಮ್ಮನ್ನು ತಡೆದಳು. ಮೂಗೆತ್ತಿ ನೋಡಿ, "ಥೂ, ಆಸ್ಪತ್ರೆ ಫಿನಾಯಿಲು. ಮಗೂನ ಇತ್ತ ಕೊಟ್ಟು ಇಬ್ರೂ ಸ್ನಾನ ಮಾಡ್ಕೊಂಡು ಬನ್ನಿ" ಅಂದಳು. ನಾವು ಬರುವಷ್ಟರಲ್ಲಿ ಮಗಳು ತೊಟ್ಟಿಲಿನಲ್ಲಿ ನಿದ್ದೆ ಹೋಗಿದ್ದಳು. ನಾಮಕರಣ, ತೊಟ್ಟಿಲ ಶಾಸ್ತ್ರ ಎಲ್ಲ ಆಮೇಲೆ ಮಾಡಿದೆವು. ಬೀರುವಿನಲ್ಲಿ ಅಕ್ಕನ ಹಳೇ ಸೀರೆಗಳನ್ನು ಹರಿದು ಒಗೆದು ಮಡಚಿಟ್ಟ ಬಟ್ಟೆಗಳ ಸಾಲು. ನಾನು ಅಕ್ಕನ ಮುಂದೆ ನಿಂತು ಏನೋ ಹೇಳಲು ಹೋದೆ. "ಪೋನೀಲೇ" ಅಂದಳು, ಹೋಗಲಿ ಬಿಡು ಅಂತ. ಆ ಫೋನಿನ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ನನ್ನ ಮಗಳು ನನಗಿಂತ ಹೆಚ್ಚು ಅವಳಿಗೇ ಮಗಳಾಗಿ ಬೆಳೆದಳು. ಹುಳದ ಮನೆಯ ಬಾಗಿಲಲ್ಲಿ ಕೂತು, ತೆಲುಗಿನಲ್ಲಿ ಹುಳಗಳನ್ನು ಉಣ್ಣಲು ಕರೆಯುವುದು ಕಲಿತಳು. ಮೊದಲನೆಯ ಕ್ಲಾಸಿನಲ್ಲಿ ಮೇಷ್ಟ್ರಿಗೆ, ಸಾರ್ ನೀವು ಸಿಗರೇಟು ಸೇದಿದೀರ ಅಂತ ಹೇಳಿ ನಮ್ಮನ್ನು ಶಾಲೆಗೆ ಕರೆಸಿದಳು. ಅಕ್ಕನಿಗೆ ಅದನ್ನು ಹೇಳಿದರೆ, "ನಿಜ ತಾನೇ ಹೇಳಿದ್ದು?" ಅಂತ ಮೊಮ್ಮಗಳ ಮುಂದೆ ಬೀಗುವ ಅಜ್ಜಿಯಂತೆ ಬೀಗಿದಳು.

ಅಕ್ಕ ಹೋಗಿದ್ದು ಹೋದ ವರ್ಷ. ಹಿಪ್ಪುನೇರಳೆ ತೋಟದಲ್ಲಿ ಎಲೆ ಕೊಯ್ಯುತ್ತಿದ್ದವಳು ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತಳಂತೆ. ಜೊತೆಯ ಹೆಂಗಸರು ನೀರು ತರುವಷ್ಟರಲ್ಲಿ ಮುಗಿದಿತ್ತು. ಹುಳ ಮನೆಯಲ್ಲಿದ್ದವು. ಅತ್ತುಕೊಂಡೇ ಎಲೆ ಹಾಕಿದೆ. ಯಾರು ಸತ್ತರೂ ಹುಳಕ್ಕೆ ಹೊತ್ತು ತಪ್ಪಬಾರದು ಅಂತ ಅವಳೇ ಹೇಳುತ್ತಿದ್ದಳು.

ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಭಾವ ಒಳಕೋಣೆಯ ಹೊಸ್ತಿಲ ಮೇಲೆ ಕೂತಿದ್ದರು. ನಾನು ಕಾಫಿ ಕೊಟ್ಟು ಅಲ್ಲೇ ಕೂತೆ. ಏನೋ ಮಾತಿಗೆ, "ಅಕ್ಕನಂಥ ಧೈರ್ಯ ನಾನು ಯಾರಲ್ಲೂ ಕಾಣಲಿಲ್ಲ ಭಾವ. ಅವತ್ತು ಊರೆಲ್ಲ ಹೇಳಿದ್ರೂ ತೊಟ್ಟಿಲು ಇಳಿಸಲಿಲ್ಲವಲ್ಲ" ಅಂದೆ.

ಭಾವ ಲೋಟ ಕೆಳಗಿಟ್ಟರು.

"ಧೈರ್ಯ ಎಲ್ಲಿತ್ತಮ್ಮ ಅವಳಿಗೆ. ನಿನಗೆ ಫೋನಲ್ಲಿ ಅಷ್ಟು ಹೇಳಿ ಇಟ್ಟಳಲ್ಲ, ಇಲ್ಲೇ, ಈ ಹೊಸ್ತಿಲ ಮೇಲೇ ಕುಸಿದಳು. ನೀರಿನ ಲೋಟ ನಾನೇ ಬಾಯಿಗೆ ಹಿಡಿದೆ. ಆಮೇಲೆ ಎದ್ದು ಹೋಗಿ ಅಡಿಗೆ ಮನೆ ಒರಳಿನ ಗುಂಡುಕಲ್ಲು ತಂದಳು. ತೊಳೆದು, ತನ್ನ ಸೀರೆ ತುಂಡಲ್ಲಿ ಸುತ್ತಿ, ತೊಟ್ಟಿಲೊಳಗೆ ಮಲಗಿಸಿದಳು. ತೊಟ್ಟಿಲ ಶಾಸ್ತ್ರದಲ್ಲಿ ಮಗೀಗೆ ಮುಂಚೆ ಗುಂಡುಕಲ್ಲು ಮಲಗಿಸ್ತಾರಲ್ಲ, ಹಂಗೆ. ಖಾಲಿ ಇರಬಾರದು ಅಂದ್ಳು. ಬಾಗಿಲು ಮುಚ್ಚಿ, ಅಮ್ಮನಿಗೂ ಒಳಗೆ ಬಿಡ್ಲಿಲ್ಲ. ನೀವು ಬರೋವರೆಗೂ ಹುಳದ ಮನೆಗೂ ಇಲ್ಲಿಗೂ ಓಡಾಡಿದ್ಳು. ಬಂದಾಗೆಲ್ಲ ಆ ಕಲ್ಲಿನ ಮೇಲೆ ಕೈ ಇಟ್ಕೊಂಡು, ಮಗೂನ ಸಮಾಧಾನ ಮಾಡೋ ಹಂಗೆ, ವಸ್ತುಂದಿಲೇ, ವಸ್ತುಂದಿಲೇ, ಬರ್ತಾಳೆ ಬಿಡು ಅಂತ ಹೇಳೋಳು."

"ನನಗ್ಯಾಕೆ ಯಾರೂ ಹೇಳಲಿಲ್ಲ?"

"ಆಣೆ ಹಾಕಿಸ್ಕೊಂಡಿದ್ಳು. ನಾನು ಹೆದರಿದೀನಿ ಅಂತ ಅವಳಿಗೆ ಗೊತ್ತಾದ್ರೆ ಅವಳು ಯಾರನ್ನ ಹಿಡ್ಕೊಂಡು ನಿಲ್ತಾಳೆ, ಅಂದಿದ್ಳು. ನಿಮ್ಮ ಕಾರು ತಿರುವಿಗೆ ಬಂತು ಅಂದ ತಕ್ಷಣ ಕಲ್ಲು ಎತ್ಕೊಂಡು ಹೋಗಿ ಒರಳಲ್ಲಿ ಇಟ್ಟು, ಗೇಟಿಗೆ ಬಂದು ನಿಂತ್ಳು."

ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ನನ್ನ ಭಯವನ್ನೆಲ್ಲ ಅವಳ ಮೇಲೆ ಸುರಿದಿದ್ದೆ. ಅಷ್ಟೇ ಭಯ ಅವಳಿಗೂ ಇತ್ತು. ಅವಳು ಅದನ್ನು ಒಂದು ಕಲ್ಲಿನ ಹತ್ತಿರ ಹೇಳಿಕೊಂಡು, ನನಗೆ ಮುಖ ತೊಳೆದುಕೊಂಡು ಹಾಲು ಹಿಂಡು ಅಂದಳು.